ಬಾಲ್ಡರ್ಸ್ ಗೇಟ್ 3 ನಿಜಕ್ಕೂ ಮೂರನೆಯ ಭಾಗವೇ?

ಹಳೇ ಸಿಡಿ, ಶಿವಮೊಗ್ಗ:

ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟ ಒಳ್ಳೆಯದೇ ಎಂಬ ಪ್ರಶ್ನೆಯನ್ನು ನಾನು ಎತ್ತುತ್ತಿಲ್ಲ. 2023ರ ಆಗಸ್ಟ್ 3ರಂದು ಬಿಡುಗಡೆಯಾದ ಆ ಆಟ ಗೋಲ್ಡನ್ ಜಾಯ್‌ಸ್ಟಿಕ್, ದಿ ಗೇಮ್ ಅವಾರ್ಡ್ಸ್, ಬಾಫ್ಟಾ ಎಂಬ ಮೂರು ಪ್ರಶಸ್ತಿಗಳಲ್ಲೂ ವರ್ಷದ ಅತ್ಯುತ್ತಮ ಆಟವೆನಿಸಿಕೊಂಡಿತು, ಮತ್ತು ಆ ಗೌರವ ಅದಕ್ಕೆ ಸಲ್ಲಬೇಕಾದದ್ದೇ. ನನ್ನ ತಕರಾರು ಇರುವುದು ಹೆಸರಿನ ಪಕ್ಕದ ಅಂಕಿಯ ಬಗ್ಗೆ ಮಾತ್ರ. ಆ ಮೂರು ಎಂಬ ಅಂಕಿಯನ್ನು ಧರಿಸಲು ಅದಕ್ಕಿರುವ ಹಕ್ಕೇನು?

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಒಂದಿಷ್ಟು ಹೇಳುತ್ತೇನೆ. ಮೊದಲನೆಯ ಭಾಗ ಬಂದದ್ದು 1998ರ ಡಿಸೆಂಬರ್‌ನಲ್ಲಿ, ಎರಡನೆಯದು 2000ದ ಸೆಪ್ಟೆಂಬರ್‌ನಲ್ಲಿ, ಅದರ ಕಥೆಯನ್ನು ಮುಂದುವರಿಸುವ ವಿಸ್ತರಣೆ 2001ರಲ್ಲಿ. ಇವೆಲ್ಲವನ್ನೂ ಕಟ್ಟಿದ್ದು ಕೆನಡಾದ ಬಯೋವೇರ್ ಕಂಪನಿ. ಆಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಬಿಡುವು. ಮೂರನೆಯದನ್ನು ಕಟ್ಟಿದ್ದು ಬೆಲ್ಜಿಯಂನ ಗೆಂಟ್ ನಗರದ ಲೇರಿಯನ್. ಅವರ ಕೈ ಪಳಗಿದ್ದು ಡಿವಿನಿಟಿ: ಒರಿಜಿನಲ್ ಸಿನ್ ಎಂಬ ಬೇರೆಯದೇ ಸರಣಿಯಲ್ಲಿ. ನೆಲಕ್ಕೆ ಎಣ್ಣೆ ಚೆಲ್ಲಿ ಬೆಂಕಿ ಹಚ್ಚುವುದು, ಶತ್ರುವನ್ನು ಕಮರಿಗೆ ನೂಕುವುದು, ಪೀಪಾಯಿಗಳನ್ನು ಹೊತ್ತೊಯ್ದು ಸಾಲಾಗಿ ಜೋಡಿಸಿ ಸಿಡಿಸುವುದು, ಇವೆಲ್ಲವೂ ಆ ಸರಣಿಯಿಂದ ಬಂದ ರೂಢಿಗಳು.

ಎರಡನೆಯ ಭಾಗದಲ್ಲಿ ಕದನ ತಾನಾಗಿ ಹರಿಯುತ್ತಿತ್ತು. ಸ್ಪೇಸ್ ಬಾರ್ ಒತ್ತಿದರೆ ನಿಲ್ಲುತ್ತಿತ್ತು. ಆರು ಜನರಿಗೂ ಆಜ್ಞೆ ಕೊಟ್ಟು ಮತ್ತೆ ಬಿಟ್ಟರೆ ಆರು ಜನರೂ ಒಟ್ಟಿಗೆ ನುಗ್ಗುತ್ತಿದ್ದರು. ಮೂರನೆಯದರಲ್ಲಿ ತಂಡ ನಾಲ್ಕು ಜನಕ್ಕೆ ಇಳಿದಿದೆ, ಕದನ ಸರದಿಯ ಪ್ರಕಾರ ನಡೆಯುತ್ತದೆ. ಎರಡನೆಯದರಲ್ಲಿ ಹಗಲು ರಾತ್ರಿಗಳಿದ್ದವು. ಆತ್ಕಟ್ಲಾ ನಗರದ ಬೀದಿಯಲ್ಲಿ ಕತ್ತಲಾದ ಮೇಲೆ ನಡೆದರೆ ರಕ್ತಪಿಶಾಚಿಗಳು ಎದುರಾಗುತ್ತಿದ್ದವು. ಮೂರನೆಯದರಲ್ಲಿ ಸೂರ್ಯ ಒಂದೇ ಕಡೆ ನಿಂತಿರುತ್ತಾನೆ, ಬಿಡಾರ ಹೂಡಿ ಮಲಗಿದಾಗ ಮಾತ್ರ ರಾತ್ರಿಯಾಗುತ್ತದೆ. ಇಷ್ಟೆಲ್ಲ ಬದಲಾದ ಮೇಲೆ ಉಳಿದದ್ದು ಬಾಲ್ಡರ್ಸ್ ಗೇಟ್ ಎಂಬ ಊರಿನ ಹೆಸರು ಮತ್ತು ಇಬ್ಬರು ಹಳೆಯ ಸಂಗಡಿಗರು. ನಿಮ್ಮ ಅಭಿಪ್ರಾಯಗಳನ್ನು ತಿಳಿಯಲು ಬಯಸುತ್ತೇನೆ. ಕಥೆಯ ಗುಟ್ಟುಗಳನ್ನು ಹೇಳುವವರು ದಯವಿಟ್ಟು ಮೊದಲೇ ಎಚ್ಚರಿಸಿ.

ಸಾಗರದ ಓದುಗಿ:

ನಾನು ಮೂರನೆಯ ಭಾಗದಿಂದಲೇ ಈ ಲೋಕಕ್ಕೆ ಬಂದವಳು. ಅದನ್ನು ಮುಗಿಸಿದ ಮೇಲೆ ಕುತೂಹಲಕ್ಕೆ ಎರಡನೆಯದನ್ನು ಆರಂಭಿಸಿ, ಖಳನಾಯಕ ಐರೆನಿಕಸ್‌ನ ನೆಲಮಾಳಿಗೆಯಿಂದ ಹೊರಬರುವುದರೊಳಗೆ ಬಿಟ್ಟುಬಿಟ್ಟೆ. ಆದ್ದರಿಂದ ನಿಮ್ಮ ಹೋಲಿಕೆಯ ಒಂದು ಬದಿ ಮಾತ್ರ ನನಗೆ ಚೆನ್ನಾಗಿ ಗೊತ್ತು.

ಆದರೂ ಒಂದು ಮಾತು ಹೇಳಬೇಕೆನ್ನಿಸಿತು. ಸರದಿ ಕದನ ಇಲ್ಲದಿದ್ದರೆ ನಾನು ಈ ಆಟವನ್ನು ಆಡುತ್ತಲೇ ಇರಲಿಲ್ಲ. ನನ್ನ ಸರದಿ ಬಂದಾಗ ಎದ್ದು ಹೋಗಿ ಒಲೆಯ ಮೇಲಿನ ಹಾಲನ್ನು ನೋಡಿ ಬರಬಹುದು. ಆಟ ನನಗಾಗಿ ಕಾಯುತ್ತದೆ. ಪ್ರತಿಯೊಂದು ನಡೆಗೂ ಗೆಲ್ಲುವ ಸಾಧ್ಯತೆ ನೂರಕ್ಕೆ ಎಷ್ಟು ಎಂಬುದು ಪರದೆಯ ಮೇಲೆಯೇ ಕಾಣಿಸುತ್ತದೆ, ಸೋತರೆ ಯಾಕೆ ಸೋತೆ ಎಂಬುದು ತಿಳಿಯುತ್ತದೆ. ಎರಡನೆಯ ಭಾಗದಲ್ಲಿ ನನ್ನ ಜನ ಯಾಕೆ ಸತ್ತರು ಎಂಬುದು ಅವರು ಸತ್ತ ಮೇಲೂ ನನಗೆ ತಿಳಿಯಲಿಲ್ಲ.

ಇನ್ನು ಪಾತ್ರಗಳ ಮಾತಿಗೆ ಬಂದರೆ, ನನ್ನ ತಂಡದ ಶಾಡೋಹಾರ್ಟ್ ತನ್ನ ದೇವಿಯ ಬಗ್ಗೆ ಮೊದಮೊದಲು ಎಷ್ಟು ಬಿಗಿಯಾಗಿ ಬಾಯಿ ಮುಚ್ಚಿಕೊಂಡಿರುತ್ತಾಳೆ, ಆಮೇಲೆ ಹೇಗೆ ಒಂದೊಂದೇ ಎಳೆ ಬಿಚ್ಚುತ್ತಾಳೆ ಎಂಬುದನ್ನು ನೋಡುವುದಕ್ಕಾಗಿಯೇ ನಾನು ರಾತ್ರಿ ನಿದ್ದೆಗೆಟ್ಟಿದ್ದೇನೆ. ಅಂಕಿ ಮೂರಿದ್ದರೇನು, ಹದಿಮೂರಿದ್ದರೇನು?

ಕೊಪ್ಪದ ಮಾಂತ್ರಿಕ:

ಹಳೇ ಸಿಡಿಯವರ ವಾದದ ಬುಡದಲ್ಲಿಯೇ ನನಗೊಂದು ಆಕ್ಷೇಪವಿದೆ. ಈ ಸರಣಿಯ ಮೂರು ಆಟಗಳೂ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಮೇಜಿನಾಟದ ನಿಯಮಗಳ ಮೇಲೆ ನಿಂತಿವೆ. ಮೊದಲ ಎರಡು ಅದರ ಎರಡನೆಯ ಆವೃತ್ತಿಯ ಮೇಲೆ, ಮೂರನೆಯದು ಐದನೆಯ ಆವೃತ್ತಿಯ ಮೇಲೆ. ಮೇಜಿನ ಸುತ್ತ ಕುಳಿತು ಆಡುವಾಗ ಯಾವ ಆವೃತ್ತಿಯಲ್ಲೂ ಎಲ್ಲರೂ ಒಟ್ಟಿಗೆ ದಾಳ ಉರುಳಿಸುವುದಿಲ್ಲ; ಸುತ್ತು ಎಂಬುದೊಂದಿರುತ್ತದೆ. ಬಯೋವೇರ್‌ನವರ ಆಟ ಮೇಲ್ನೋಟಕ್ಕೆ ಹರಿಯುತ್ತಿದ್ದರೂ ಒಳಗೆ ಆರು ಸೆಕೆಂಡಿನ ಸುತ್ತುಗಳನ್ನೇ ಎಣಿಸುತ್ತಿತ್ತು. ದಾಳವೂ ಉರುಳುತ್ತಿತ್ತು, ಆದರೆ ಫಲಿತಾಂಶ ಪರದೆಯ ಕೆಳಗಿನ ಸಣ್ಣ ಚೌಕದಲ್ಲಿ ಸರಸರನೆ ಮೇಲೆ ಸರಿದುಹೋಗುತ್ತಿತ್ತು. ಓದುಗಿಯವರಿಗೆ ತಮ್ಮ ಜನ ಯಾಕೆ ಸತ್ತರೆಂದು ತಿಳಿಯದಿದ್ದದ್ದು ಇದೇ ಕಾರಣಕ್ಕೆ. ಅದರ ಮೇಲೆ ಏಟು ತಾಗುವುದನ್ನು ನಿರ್ಧರಿಸುವ ಥ್ಯಾಕೋ ಎಂಬ ಲೆಕ್ಕ ಬೇರೆ. ಅದರಲ್ಲಿ ಅಂಕಿ ಕಡಿಮೆಯಾದಷ್ಟೂ ಯೋಧ ಬಲಶಾಲಿ, ಕವಚದ ಅಂಕಿಯೂ ಇಳಿದಷ್ಟೂ ಗಟ್ಟಿ.

ಹಾಗಾಗಿ ಲೇರಿಯನ್ ಮಾಡಿದ್ದು ಸರಣಿಯನ್ನು ಅದರ ಮೂಲಕ್ಕೆ ಹತ್ತಿರ ತಂದ ಕೆಲಸ ಎಂಬುದು ನನ್ನ ಅಭಿಪ್ರಾಯ. ಅವರೂ ಎಲ್ಲವನ್ನೂ ಪುಸ್ತಕದಲ್ಲಿ ಇದ್ದಂತೆ ತಂದಿಲ್ಲ. ಮಾತಿನ ಪರೀಕ್ಷೆಯಲ್ಲಿ ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತು ಬಿದ್ದರೆ ತಪ್ಪದೆ ಗೆಲುವು, ಒಂದು ಬಿದ್ದರೆ ತಪ್ಪದೆ ಸೋಲು ಎಂಬುದು ಐದನೆಯ ಆವೃತ್ತಿಯ ನಿಯಮವಲ್ಲ; ಅದು ಅವರು ಸೇರಿಸಿದ್ದು. ಎಂಥ ಪ್ರವೀಣನಿಗೂ ಇಪ್ಪತ್ತರಲ್ಲಿ ಒಂದು ಸಲ ಮುಖಭಂಗವಾಗುತ್ತದೆ. ನನಗೆ ಅದು ಇಷ್ಟವಿಲ್ಲ, ಆದರೆ ಆಟಕ್ಕೆ ಅದು ತಂದ ತಮಾಷೆಯನ್ನು ಅಲ್ಲಗಳೆಯಲಾರೆ.

ನಿಜವಾದ ನಷ್ಟ ಆಗಿರುವುದು ಬೇರೆ ಕಡೆ, ಮಂತ್ರವಾದಿಗಳ ಕಾಳಗದಲ್ಲಿ. ಎರಡನೆಯ ಭಾಗದಲ್ಲಿ ಎದುರಾಳಿ ಮಂತ್ರವಾದಿ ಕಣ್ಣಿಗೆ ಬಿದ್ದ ಕೂಡಲೇ ಅವನ ಸುತ್ತ ನಾಲ್ಕೈದು ರಕ್ಷೆಗಳು ತಾವಾಗಿಯೇ ಏಳುತ್ತಿದ್ದವು. ಕತ್ತಿಯಿಂದ ಹೊಡೆದರೆ ತಾಗದು, ಬೆಂಕಿ ಉಗುಳಿದರೆ ಸುಡದು. ಯಾವ ರಕ್ಷೆ ಯಾವುದು ಎಂದು ಗುರುತಿಸಿ, ಅದನ್ನು ಕಳಚುವ ಮಂತ್ರವನ್ನು ಮೊದಲು ಬಿಟ್ಟು, ಅದರ ಒಳಗಿನದನ್ನು ಆಮೇಲೆ ಸೀಳಿ, ಅಷ್ಟರೊಳಗೆ ಅವನು ಕಾಲವನ್ನೇ ನಿಲ್ಲಿಸಿಬಿಡದಂತೆ ನೋಡಿಕೊಳ್ಳಬೇಕಿತ್ತು. ಮೂರನೆಯದರಲ್ಲಿ ಲೆವೆಲ್, ಅಂದರೆ ಪಾತ್ರ ಬೆಳೆಯುವ ಮಟ್ಟ, ಹನ್ನೆರಡಕ್ಕೆ ನಿಲ್ಲುತ್ತದೆ; ಅಂದರೆ ಆರನೆಯ ಶ್ರೇಣಿಯ ಮಂತ್ರಗಳ ತನಕ ಮಾತ್ರ. ಅದೂ ಸಾಲದೆಂಬಂತೆ, ಏಕಾಗ್ರತೆ ಬೇಡುವ ಮಂತ್ರಗಳಲ್ಲಿ ಒಬ್ಬರು ಒಮ್ಮೆಗೆ ಒಂದನ್ನೇ ಹಿಡಿದಿಟ್ಟುಕೊಳ್ಳಬಹುದು ಎಂಬುದು ಐದನೆಯ ಆವೃತ್ತಿಯ ಕಟ್ಟುಪಾಡು. ಆಟ ಸಮತೋಲಕ್ಕೆ ಬಂತು, ಮಂತ್ರವಾದಿ ಬಡವನಾದ.

ಹಳೇ ಸಿಡಿ, ಶಿವಮೊಗ್ಗ:

ಮಾಂತ್ರಿಕರ ಕೊನೆಯ ಮಾತಿಗೆ ನನ್ನ ಪೂರ್ಣ ಸಮ್ಮತಿ. ಆದರೆ ಮೇಜಿನಾಟದ ಮೂಲಕ್ಕೆ ಹತ್ತಿರವಾಗುವುದು ಬೇರೆ, ಹಿಂದಿನ ಭಾಗಕ್ಕೆ ಹತ್ತಿರವಾಗುವುದು ಬೇರೆ. ನೀವು ಮೊದಲನೆಯದನ್ನು ಸಾಧಿಸಿ ತೋರಿಸಿದ್ದೀರಿ. ನಾನು ಕೇಳಿದ್ದು ಎರಡನೆಯದನ್ನು.

ತೀರ್ಥಹಳ್ಳಿಯ ಅರ್ಥಧಾರಿ:

ನಾನು ಮೂರನ್ನೂ ಆಡಿದ್ದೇನೆ, ಮಳೆಗಾಲದಲ್ಲಿ ತಾಳಮದ್ದಲೆಯ ಕೂಟಗಳಲ್ಲೂ ಕೂರುತ್ತೇನೆ. ಹಾಗಾಗಿ ನನಗೆ ಕಂಡಂತೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳುತ್ತೇನೆ.

ತಾಳಮದ್ದಲೆಯಲ್ಲಿ ಪ್ರಸಂಗ ಮೊದಲೇ ನಿಶ್ಚಯವಾಗಿರುತ್ತದೆ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದಕ್ಕೆ ಆ ಕ್ಷಣದಲ್ಲಿ ಮಾತು ಕಟ್ಟುತ್ತಾನೆ. ಸಂಧಾನಕ್ಕೆ ಬಂದ ಕೃಷ್ಣನನ್ನು ಕೌರವ ಮಾತಿನಲ್ಲಿ ಕಟ್ಟಿಹಾಕಿಬಿಡಬಹುದು, ಸಭೆಯೆಲ್ಲ ಕೌರವನಿಗೇ ತಲೆದೂಗಬಹುದು. ಆದರೂ ಕೊನೆಗೆ ಸಂಧಾನ ಮುರಿಯಲೇಬೇಕು, ಯುದ್ಧ ಆಗಲೇಬೇಕು. ಎರಡನೆಯ ಭಾಗ ಈ ಜಾತಿಯದು. ನಾಯಕನ ಬಾಲ್ಯದ ಗೆಳತಿ ಇಮೋಯೆನ್‌ಳನ್ನು ಮುಸುಕಿನ ಮಂತ್ರವಾದಿಗಳು ಒಯ್ಯುವುದು ತಪ್ಪದು, ಐರೆನಿಕಸ್‌ನ ಬೆನ್ನು ಹತ್ತುವುದು ತಪ್ಪದು. ಅದರ ನಡುವೆ ನೀವು ಎಷ್ಟು ಸೊಗಸಾಗಿ ಮಾತಾಡುತ್ತೀರಿ, ಯಾರನ್ನು ಜೊತೆಗೆ ಕರೆದೊಯ್ಯುತ್ತೀರಿ, ಫರ್‌ಕ್ರಾಗ್ ಎಂಬ ಕೆಂಪು ಡ್ರಾಗನ್ನಿನ ಎದುರು ನಿಂತಾಗ ಕತ್ತಿ ಹಿರಿಯುತ್ತೀರೋ, ಕೈಮುಗಿದು ಹೊರಬರುತ್ತೀರೋ ಎಂಬುದು ನಿಮ್ಮ ಅರ್ಥಗಾರಿಕೆ.

ಮೂರನೆಯದು ಪ್ರಸಂಗಕ್ಕೇ ಕೈಹಾಕಲು ಬಿಡುತ್ತದೆ. ಶಾಪಗ್ರಸ್ತ ನೆಲದಲ್ಲಿ ಥಾರ್ಮ್ ಮನೆತನದ ಮೂವರು ಎದುರಾಗುತ್ತಾರಲ್ಲ, ಅವರಲ್ಲಿ ವೈದ್ಯನನ್ನು ನೆನೆಯಿರಿ. ಅವನೊಡನೆ ಹೊಡೆದಾಡಬಹುದು, ಇಲ್ಲವೇ ಅವನ ದಾದಿಯರಿಗೆ ಅವನ ಮೇಲೆಯೇ ಶಸ್ತ್ರಚಿಕಿತ್ಸೆಯ ಪಾಠವಾಗಲಿ ಎಂದು ಅವನನ್ನೇ ಒಪ್ಪಿಸಿ, ಕತ್ತಿ ಮುಟ್ಟದೆ ಅವನ ಕಥೆ ಮುಗಿಸಬಹುದು. ಹೆಂಡದಂಗಡಿಯವನನ್ನು ಕುಡಿತದ ಪಂದ್ಯದಲ್ಲಿ ಸೋಲಿಸಿದರೆ ಅವನು ತಾನಾಗಿಯೇ ಸಿಡಿದುಹೋಗುತ್ತಾನೆ. ಸುಂಕದ ಕಟ್ಟೆಯ ಹೆಂಗಸನ್ನೂ ಮಾತಿನಿಂದಲೇ ಕೆಡವಬಹುದು. ವಾದದಲ್ಲಿ ಗೆದ್ದವನು ನಿಜಕ್ಕೂ ಗೆದ್ದ ಎನ್ನಿಸುವ ಆಟ ನನಗೆ ಇದೊಂದೇ ಸಿಕ್ಕಿದ್ದು. ಹಾಗಿದ್ದರೂ ಎರಡರ ಹಿಂದೆಯೂ ಇರುವ ಹಂಬಲ ಒಂದೇ: ಮಾತಿಗೆ ಬೆಲೆ ಇರಬೇಕು. ಆ ಹಂಬಲವನ್ನು ಮುಂದಕ್ಕೆ ಒಯ್ದದ್ದರಿಂದ ಮೂರು ಎಂಬ ಅಂಕಿ ಅದಕ್ಕೆ ಸಲ್ಲುತ್ತದೆ ಎಂಬುದು ನನ್ನ ತೀರ್ಮಾನ.

ಸಾಗರದ ಓದುಗಿ:

ಅರ್ಥಧಾರಿಗಳ ವಿವರಣೆ ಬಹಳ ಇಷ್ಟವಾಯಿತು. ಆದರೆ ಮೂರನೆಯ ಭಾಗದ ಕೊನೆಗೆ ಎಲ್ಲರೂ ಮುಖ್ಯ ಶತ್ರುವಾದ ಆ ಮಹಾಮೆದುಳಿನ ಎದುರಿಗೇ ಹೋಗಿ ನಿಲ್ಲಬೇಕಲ್ಲ? ಅಲ್ಲಿಗೆ ಹೋಗದೆ ತಪ್ಪಿಸಿಕೊಳ್ಳಲು ಯಾವ ವಾಗ್ಮಿಗೂ ಸಾಧ್ಯವಿಲ್ಲ. ಸಂಗಡಿಗರಲ್ಲೊಬ್ಬಳಾದ ಕಾರ್ಲಾಕ್‌ಳ ಎದೆಯಲ್ಲಿ ಉರಿಯುವ ಯಂತ್ರದ ವಿಷಯವನ್ನೇ ನೋಡಿ. ಆಟದುದ್ದಕ್ಕೂ ನರಕದ ಕಬ್ಬಿಣ ಹುಡುಕಿ ತಂದೆ, ಕಮ್ಮಾರ ಡ್ಯಾಮನ್‌ನಲ್ಲಿಗೆ ಕರೆದೊಯ್ದೆ, ಅವಳನ್ನು ಮುಟ್ಟಬಹುದು ಎಂಬಷ್ಟು ತಣ್ಣಗಾಯಿತು. ಆದರೆ ವಾಸಿ ಮಾಡುವ ದಾರಿಯನ್ನು ಆಟ ಇಟ್ಟೇ ಇಲ್ಲ. ಉರಿದುಹೋಗುವುದು, ನರಕಕ್ಕೆ ಮರಳುವುದು, ಇಲ್ಲವೇ ತನ್ನ ರೂಪವನ್ನೇ ಕಳೆದುಕೊಳ್ಳುವುದು, ಇಷ್ಟೇ ಅವಳಿಗಿರುವುದು. ಬಿಡುಗಡೆಯ ಮೊದಲ ವಾರಗಳಲ್ಲೇ ಆಟಗಾರರು ಎಷ್ಟು ಗೋಳಾಡಿದರೆಂದರೆ, ಆಗಸ್ಟ್ ಮುಗಿಯುವುದರೊಳಗೆ ಬಂದ ಎರಡನೆಯ ತಿದ್ದುಪಡಿ ಪ್ಯಾಚ್‌ನಲ್ಲಿ ಅವಳ ಅಂತ್ಯಕ್ಕೆ ಹೊಸ ದೃಶ್ಯ ಸೇರಿತು. ವಾಸಿಯಾಗುವ ದೃಶ್ಯವಲ್ಲ, ನರಕದಲ್ಲಿ ಎದೆಯೆತ್ತಿ ನಿಲ್ಲುವ ದೃಶ್ಯ.

ನನಗೆ ಅದರ ಬಗ್ಗೆ ಸಿಟ್ಟಿಲ್ಲ ಎಂಬುದೇ ನನಗೆ ಆಶ್ಚರ್ಯ. ಎಲ್ಲರನ್ನೂ ಉಳಿಸಿಕೊಳ್ಳಬಹುದಾದ ಆಟವಾಗಿದ್ದರೆ ಅವಳನ್ನು ಇಷ್ಟು ದಿನ ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದೆನೋ ಇಲ್ಲವೋ. ಸಿಟ್ಟಿರುವುದು ವಿಲ್ ಎಂಬ ಪಾತ್ರದ ಬಗ್ಗೆ. ನಗರದ ಆಡಳಿತಗಾರನ ಮಗ, ತಂದೆಯಿಂದ ಹೊರಹಾಕಲ್ಪಟ್ಟವನು, ಪಿಶಾಚಿಯೊಂದಿಗೆ ಒಪ್ಪಂದ ಮಾಡಿಕೊಂಡವನು; ಇಷ್ಟೆಲ್ಲ ಇದ್ದೂ ಅವನ ಕಥೆಯಲ್ಲಿ ನಿರ್ಧಾರಗಳನ್ನೆಲ್ಲ ಉಳಿದವರೇ ಮಾಡುತ್ತಾರೆ. ಇನ್ನೊಬ್ಬ ಸಂಗಡಿಗ ಆಸ್ಟಾರಿಯನ್‌ಗೆ ಸಿಕ್ಕ ಮಾತುಗಳ ಅರ್ಧವೂ ಅವನಿಗೆ ಸಿಕ್ಕಿಲ್ಲ.

ತೀರ್ಥಹಳ್ಳಿಯ ಅರ್ಥಧಾರಿ:

ಮಂಗಳ ಹಾಡಲು ಒಂದು ಕಡೆ ಎಲ್ಲರೂ ಸೇರಲೇಬೇಕಲ್ಲ ಓದುಗಿಯವರೇ. ಮೆದುಳಿನ ಎದುರು ನಿಲ್ಲುವುದು ಅನಿವಾರ್ಯವಾದರೂ, ಯಾರನ್ನು ಕರೆದುಕೊಂಡು, ಏನನ್ನು ಕಳೆದುಕೊಂಡು, ಅದನ್ನು ಕೊಲ್ಲಲೋ ಆಳಲೋ ಎಂಬುದು ನಿಮ್ಮ ಕೈಯಲ್ಲೇ ಇದೆ. ವಿಲ್‌ನ ವಿಷಯದಲ್ಲಿ ಮಾತ್ರ ನಿಮಗೆ ಎದುರು ನುಡಿಯಲಾರೆ.

ಗಾಂಧಿಬಜಾರ್:

ಹಿರಿಯರೆಲ್ಲ ತತ್ತ್ವ ಚರ್ಚೆಯಲ್ಲಿದ್ದೀರಿ. ಕೊಳ್ಳಬೇಕೆಂದಿರುವವರಿಗೆ ಎರಡು ವ್ಯಾವಹಾರಿಕ ಮಾತು ಹೇಳಿಬಿಡುತ್ತೇನೆ. ಎರಡನೆಯ ಭಾಗ ನಾಲ್ಕು ಸಿಡಿಗಳಲ್ಲಿ ಬಂದಿತ್ತು. ಮೂರನೆಯದಕ್ಕೆ 150 ಜಿಬಿ ಜಾಗ ಬೇಕು, ಅದೂ ಎಸ್‌ಎಸ್‌ಡಿಯಲ್ಲಿ. ಕನಿಷ್ಠ 8 ಜಿಬಿ ರ್‍ಯಾಮ್ ಎಂದು ಅವರೇ ಹೇಳಿದ್ದರೂ 16 ಇಲ್ಲದೆ ಆರಂಭಿಸಬೇಡಿ. ಮೊದಲ ಅಂಕ ಸರಾಗವಾಗಿ ಓಡಿತೆಂದು ನಂಬಿಕೊಂಡು ಕೂರುವುದೂ ಬೇಡ. ಮೂರನೆಯ ಅಂಕದಲ್ಲಿ ನಗರದ ಒಳಗೆ ಕಾಲಿಟ್ಟ ಮೇಲೆ ಜನಜಂಗುಳಿಯ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ಬಿಡುಗಡೆಯಾದಾಗ ಅತಿ ಹೆಚ್ಚು ದೂರು ಬಂದದ್ದು ಈ ಭಾಗದ ಬಗ್ಗೆಯೇ, ಆಮೇಲಿನ ಪ್ಯಾಚ್‌ಗಳಲ್ಲಿ ಬಹಳಷ್ಟು ಸುಧಾರಿಸಿತು. ಹಳ್ಳಿಯಲ್ಲಿರುವವರು ಇಷ್ಟು ದೊಡ್ಡ ಫೈಲನ್ನು ಮಳೆಗಾಲದಲ್ಲಿ ಇಳಿಸಿಕೊಳ್ಳಲು ಹೋಗದೆ, ಪೇಟೆಗೆ ಬಂದಾಗ ಪರಿಚಯದವರ ಮನೆಯಲ್ಲಿ ನಿಮ್ಮ ಖಾತೆಯಿಂದಲೇ ಇಳಿಸಿ ಹಾರ್ಡ್ ಡಿಸ್ಕಿನಲ್ಲಿ ಒಯ್ಯುವುದು ಜಾಣತನ. ಗಾಗ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡರೆ ನಕಲು ತಡೆಯುವ ಬೀಗವಿಲ್ಲದ ಪ್ರತಿ ಸಿಗುತ್ತದೆ, ನೆಟ್ ಇಲ್ಲದೆಯೂ ಆಡಬಹುದು.

ಶರಾವತಿ ಹಿನ್ನೀರು:

ಗಾಂಧಿಬಜಾರಿನವರು ಹೇಳಿದ್ದು ನೂರಕ್ಕೆ ನೂರು ನಿಜ, ನಮ್ಮ ಮನೆಗೆ ಆಟ ಬಂದದ್ದೂ ಹಾರ್ಡ್ ಡಿಸ್ಕಿನಲ್ಲೇ. ನಾನು ಮತ್ತು ನನ್ನ ತಂಗಿ ಒಂದೇ ಪರದೆಯನ್ನು ಎರಡು ಭಾಗ ಮಾಡಿಕೊಂಡು ಆಡಿದೆವು. ಅಡಿಕೆ ಸುಲಿಯುವ ಕಾಲ ಮುಗಿದ ಮೇಲೆ ಸಂಜೆಗಳು ಬಿಡುವಾಗಿರುತ್ತವೆ. ಅವಳು ಯಾರ ಮನಸ್ಸನ್ನೂ ನೋಯಿಸದ ಪುರೋಹಿತೆ, ನಾನು ಸಿಕ್ಕಿದ್ದನ್ನೆಲ್ಲ ಜೇಬಿಗಿಳಿಸುವ ಕಳ್ಳ. ನಾನು ಕದ್ದು ಸಿಕ್ಕಿಬಿದ್ದಾಗಲೆಲ್ಲ ಕಾವಲುಗಾರರೊಂದಿಗೆ ಮಾತಾಡಿ ಬಿಡಿಸುವ ಕೆಲಸ ಅವಳದಾಗುತ್ತಿತ್ತು. ಇಬ್ಬರು ಆಡುವಾಗ ಒಂದು ತೊಡಕಿದೆ: ಮಾತು ಶುರು ಮಾಡಿದವರ ಪಾತ್ರವೇ ಉತ್ತರಿಸಬೇಕು, ಮತ್ತೊಬ್ಬರು ಪಕ್ಕದಲ್ಲಿ ನಿಂತು ಕೇಳಬಹುದಷ್ಟೆ. ಮಾತಿನಲ್ಲಿ ಜಾಣರಾದವರನ್ನು ಮುಂದಿಟ್ಟುಕೊಂಡು ನಡೆಯಿರಿ.

ಇನ್ನೊಂದು ಸೂಚನೆ. ಬಿಡಾರದಲ್ಲಿ ಮಲಗುವುದಕ್ಕೆ ಜಿಪುಣತನ ಮಾಡಬೇಡಿ. ತಲೆಯಲ್ಲಿ ಹುಳ ಸೇರಿದೆ, ಬೇಗ ಹೊರತೆಗೆಯದಿದ್ದರೆ ರಾಕ್ಷಸರಾಗಿಬಿಡುತ್ತೀರಿ ಎಂದು ಆಟ ಆರಂಭದಲ್ಲಿ ಹೆದರಿಸುತ್ತದೆ. ಅದನ್ನು ನಂಬಿ ನಾವು ಮಲಗದೆ ಓಡಿದೆವು. ಸಂಗಡಿಗರ ಒಳ್ಳೊಳ್ಳೆಯ ಸಂಭಾಷಣೆಗಳೆಲ್ಲ ರಾತ್ರಿಯ ಬಿಡಾರದಲ್ಲೇ ಬರುವುದು. ಮಲಗದವರಿಗೆ ಅವು ತಪ್ಪಿಹೋಗುತ್ತವೆ.

ಹಳೇ ಸಿಡಿ, ಶಿವಮೊಗ್ಗ:

ಶರಾವತಿಯವರು ಹೇಳಿದ ಈ ಹೆದರಿಕೆ ಎರಡನೆಯ ಭಾಗದಲ್ಲೂ ಇತ್ತು. ಇಮೋಯೆನ್ ಸೆರೆಯಲ್ಲಿದ್ದಾಳೆ, ಬೇಗ ಹೋಗಬೇಕು ಎಂಬ ಒತ್ತಾಯ ಒಂದು ಕಡೆ. ಊರ ತುಂಬ ಸಾವಿರ ಕೆಲಸಗಳ ಆಮಿಷ ಇನ್ನೊಂದು ಕಡೆ. ಆದರೆ ಅಲ್ಲಿ ಅದಕ್ಕೆ ಒಂದು ನೆಪ ಇಟ್ಟಿದ್ದರು: ಅವಳಿರುವಲ್ಲಿಗೆ ಹೋಗಲು 20,000 ಚಿನ್ನದ ನಾಣ್ಯ ಕೂಡಿಸಬೇಕು. ಹಣಕ್ಕಾಗಿ ಊರೂರು ಅಲೆಯುವುದು ಕಥೆಯ ಭಾಗವೇ ಆಯಿತು. ಮೂರನೆಯದರಲ್ಲಿ ಅಂಥ ನೆಪವಿಲ್ಲ. ಅವಸರವೂ ಉಂಟು, ಅಲೆದಾಟವೂ ಉಂಟು, ಎರಡೂ ಒಂದನ್ನೊಂದು ನೋಡದಂತೆ ಕುಳಿತಿವೆ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಇಲ್ಲಿಂದ ಮುಂದೆ ಮೂರನೆಯ ಅಂಕದ ಗುಟ್ಟುಗಳಿವೆ. ಆಡದವರು ಈ ಬರಹವನ್ನೂ ಇದರ ನಂತರದ್ದನ್ನೂ ದಾಟಿ ಹೋಗಿ.

ವೈಕೋನಿಯಾ ಎಂಬವಳನ್ನು ಎರಡನೆಯ ಭಾಗದಲ್ಲಿ ಮೊದಲು ಕಾಣುವುದು ಆತ್ಕಟ್ಲಾದ ಚೌಕದಲ್ಲಿ, ಕಂಬಕ್ಕೆ ಕಟ್ಟಿ ಸುಡಲು ಹೊರಟ ಗುಂಪಿನ ನಡುವೆ. ಬಿಡಿಸಿದರೆ ಜೊತೆಗೆ ಬರುತ್ತಾಳೆ. ಚುಚ್ಚಿ ಮಾತಾಡುತ್ತಾಳೆ, ಯಾರನ್ನೂ ನಂಬುವುದಿಲ್ಲ. ಅವಳೊಂದಿಗೆ ಪ್ರೀತಿ ಬೆಳೆಸಿ ವಿಸ್ತರಣೆಯ ತನಕ ಕರೆದೊಯ್ದರೆ ಅವಳ ಕೇಡಿನ ಸ್ವಭಾವವೇ ಮೆಲ್ಲಗೆ ತಿರುಗುತ್ತದೆ, ಪಾತ್ರದ ಹಾಳೆಯಲ್ಲಿ ಬರೆದದ್ದು ಕೂಡ ಬದಲಾಗುತ್ತದೆ. ಅಂದಿನ ದಿನಗಳಲ್ಲಿ ಅದು ಎಷ್ಟು ದೊಡ್ಡ ವಿಷಯವಾಗಿತ್ತೆಂದು ಇಂದಿನವರಿಗೆ ತಿಳಿಸುವುದು ಕಷ್ಟ. ಮೂರನೆಯದರಲ್ಲಿ ಅವಳು ಶಾರ್ ದೇವಿಯ ಮಠಕ್ಕೆ ಮಹಾಮಾತೆಯಾಗಿ, ಶಾಡೋಹಾರ್ಟ್‌ಳ ಬಾಲ್ಯವನ್ನೇ ಕಸಿದ ಕ್ರೂರಿಯಾಗಿ ನಿಂತಿದ್ದಾಳೆ. ಮೊದಲ ಭಾಗದ ಖಳ ಸರೆವಾಕ್‌ನದೂ ಇದೇ ಗತಿ. ವಿಸ್ತರಣೆಯಲ್ಲಿ ಪಶ್ಚಾತ್ತಾಪಕ್ಕೆ ಅವಕಾಶ ಪಡೆದಿದ್ದವನು ಇಲ್ಲಿ ಮತ್ತೆ ಕೊಲೆಗಡುಕರ ನ್ಯಾಯಪೀಠದಲ್ಲಿ ಕುಳಿತಿದ್ದಾನೆ. ಹೊಸ ಆಟಗಾರರಿಗೆ ಇವರಿಬ್ಬರೂ ಬರಿಯ ಎದುರಾಳಿಗಳು, ಹಳಬರಿಗೆ ಇವರು ತಾವು ತಿದ್ದಿದ್ದ ಜನ. ನನ್ನ ನಿರ್ಧಾರಗಳು ಲೆಕ್ಕಕ್ಕೇ ಬರಲಿಲ್ಲ ಎಂದಾದರೆ, ಇದನ್ನು ಮುಂದಿನ ಭಾಗ ಎನ್ನುವುದು ಯಾವ ಆಧಾರದ ಮೇಲೆ?

ಕೊಪ್ಪದ ಮಾಂತ್ರಿಕ:

ಇಲ್ಲಿ ಲೇರಿಯನ್‌ನವರ ಕೈಯನ್ನು ಮೊದಲೇ ಅರ್ಧ ಕಟ್ಟಿಹಾಕಲಾಗಿತ್ತು ಎಂಬುದನ್ನು ಮರೆಯಬಾರದು. ಈ ಲೋಕದ ಒಡೆತನ ಇರುವುದು ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯ ಬಳಿ. ನೀವು, ನಾನು, ಪ್ರತಿಯೊಬ್ಬರೂ ಬೇರೆ ಬೇರೆ ಹೆಸರಿಟ್ಟು ಆಡಿದ ಮೊದಲೆರಡು ಭಾಗಗಳ ನಾಯಕನಿಗೆ, ಅಂದರೆ ಕೊಲೆಯ ದೇವರಾದ ಭಾಲನ ಸಂತಾನಕ್ಕೆ, ಅವರು ಅಬ್ದೆಲ್ ಆಡ್ರಿಯನ್ ಎಂಬ ಒಂದೇ ಹೆಸರನ್ನು ಅಧಿಕೃತಗೊಳಿಸಿದರು; 2013ರಲ್ಲಿ ಪ್ರಕಟಿಸಿದ ಮೇಜಿನಾಟದ ಕಥಾನಕದಲ್ಲಿ ಅವನನ್ನು ಕೊಲ್ಲಿಸಿ, ಭಾಲ ದೇವರು ಮರಳಿ ಬರುವಂತೆ ಮಾಡಿದರು. ಮೂರನೆಯ ಆಟ ನಡೆಯುವುದು ಎರಡನೆಯದರ ಕಥೆಗಿಂತ 120 ವರ್ಷಕ್ಕೂ ಆಚೆ, ಈ ಅಧಿಕೃತ ಇತಿಹಾಸದ ಮುಂದುವರಿಕೆಯಾಗಿ. ಹಳೆಯ ಸಂಗಡಿಗರಲ್ಲಿ ಜಹೀರಾ ದೀರ್ಘಾಯುಷಿ ಅರ್ಧ ಎಲ್ಫ್ ಆದ್ದರಿಂದ ಇನ್ನೂ ಬದುಕಿದ್ದಾಳೆ, ಮಿನ್ಸ್ಕ್ ಬಹುಕಾಲ ಕಲ್ಲಾಗಿದ್ದದ್ದರಿಂದ ಉಳಿದಿದ್ದಾನೆ. ವೈಕೋನಿಯಾಳನ್ನು ಇಷ್ಟು ಒರಟಾಗಿ ಬಳಸಬೇಕಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಅವಳ ಜಾಗದಲ್ಲಿ ಹೊಸ ಹೆಸರಿನ ಯಾರನ್ನೇ ನಿಲ್ಲಿಸಿದ್ದರೂ ಶಾಡೋಹಾರ್ಟ್‌ಳ ಕಥೆ ಒಂದಿಷ್ಟೂ ಕುಂದುತ್ತಿರಲಿಲ್ಲ.

ಆದರೆ ನೀವು ಸಂತಾನದ ಕಥೆಯನ್ನು ಹುಡುಕುತ್ತಿದ್ದರೆ ಅದು ಅಲ್ಲೇ ಇದೆ, ನೀವು ಬಾಗಿಲು ತಪ್ಪಿದ್ದೀರಿ. ಪಾತ್ರ ಆಯ್ದುಕೊಳ್ಳುವಾಗ ಡಾರ್ಕ್ ಅರ್ಜ್ ಎಂಬುದನ್ನು ಆರಿಸಿ ಆಡಿ ನೋಡಿ. ನೆನಪು ಅಳಿಸಿಹೋದ ಮನುಷ್ಯ, ಕಾರಣವಿಲ್ಲದೆ ಕೊಲ್ಲಬೇಕೆನ್ನಿಸುವ ತುಡಿತ, ಒಂದು ಬೆಳಿಗ್ಗೆ ಬಿಡಾರದಲ್ಲಿ ಎದ್ದಾಗ ಕೈಯೆಲ್ಲ ರಕ್ತ. ಆ ರಕ್ತ ಯಾವ ದೇವರದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮೊದಲೆರಡು ಭಾಗಗಳು ಕೇಳಿದ ಪ್ರಶ್ನೆ, ಅಂದರೆ ಹುಟ್ಟಿನಿಂದ ಬಂದ ಕೇಡನ್ನು ಮನುಷ್ಯ ಮೀರಬಲ್ಲನೇ ಎಂಬುದು, ಇಲ್ಲಿ ಮೊದಲಿಗಿಂತ ಹರಿತವಾಗಿದೆ.

ಹಳೇ ಸಿಡಿ, ಶಿವಮೊಗ್ಗ:

ಆ ಪಾತ್ರವನ್ನು ಆಡಿದ್ದೇನೆ. ಅದೊಂದು ದಾರಿಯ ಮಟ್ಟಿಗೆ ನಿಮ್ಮ ಮಾತು ನಿಲ್ಲುತ್ತದೆ, ಮತ್ತು ಇಡೀ ಆಟದಲ್ಲಿ ನನಗೆ ಹಳೆಯ ಎದೆಬಡಿತ ಸಿಕ್ಕಿದ್ದೂ ಅಲ್ಲೇ. ಆದರೆ ಹಲವು ಬಗೆಯ ಆರಂಭಗಳಲ್ಲಿ ಒಂದನ್ನು ಆರಿಸಿದರೆ ಮಾತ್ರ ಅದು ಮೂರನೆಯ ಭಾಗವಾಗುತ್ತದೆ ಎಂದಾಯಿತಲ್ಲ! ಇನ್ನುಳಿದವರಿಗೆ ಅದು ಅದೇ ಊರಿನಲ್ಲಿ ನಡೆಯುವ ಬೇರೊಂದು ಕಥೆ. ಅಷ್ಟರ ಮಟ್ಟಿಗೆ ನನ್ನ ನಿಲುವನ್ನು ನಾನು ಬಿಡುವುದಿಲ್ಲ, ಮಾಂತ್ರಿಕರೂ ಬಿಡುವುದಿಲ್ಲವೆಂದು ಗೊತ್ತು.

ಸಾಗರದ ಓದುಗಿ:

ನೀವಿಬ್ಬರೂ ಸೇರಿ ನನ್ನಲ್ಲಿ ಮತ್ತೆ ಆಸೆ ಹುಟ್ಟಿಸಿದ್ದೀರಿ. ಬಿಟ್ಟಿದ್ದ ಎರಡನೆಯ ಭಾಗವನ್ನು ಈ ಮಳೆಗಾಲದಲ್ಲಿ ಮತ್ತೆ ಹಿಡಿಯಬೇಕೆಂದಿದ್ದೇನೆ. ಮೊದಲನೆಯದನ್ನು ಆಡಿಯೇ ಬರಬೇಕೇ? ಕದನದಲ್ಲಿ ಸೋಲದಿರಲು ಏನು ಮಾಡಬೇಕು? ನನ್ನಂತೆ ಸರದಿಗೆ ಒಗ್ಗಿದವರಿಗೆ ಅದು ತೀರಾ ಕಷ್ಟವೇ?

ಹಳೇ ಸಿಡಿ, ಶಿವಮೊಗ್ಗ:

ಮೊದಲನೆಯದನ್ನು ಆಡಬೇಕಾದ ಅಗತ್ಯವಿಲ್ಲ. ಎರಡನೆಯದು ತನಗೆ ಬೇಕಾದ ಹಿಂದಿನ ಕಥೆಯನ್ನು ತಾನೇ ಹೇಳಿಕೊಳ್ಳುತ್ತದೆ. 2013ರಲ್ಲಿ ಬಂದ ಅದರ ಪರಿಷ್ಕೃತ ರೂಪ ಎನ್‌ಹಾನ್ಸ್ಡ್ ಎಡಿಷನ್ ಕೊಳ್ಳಿ. ಅದು ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಟ್ಯಾಬ್ಲೆಟ್‌ನಲ್ಲೂ ಸಿಗುತ್ತದೆ. ಕರೆಂಟ್ ಹೋದ ಸಂಜೆಗಳಿಗೆ ಅದೇ ಅನುಕೂಲ.

ಆಟ ಶುರು ಮಾಡುವ ಮೊದಲೇ ಸೆಟ್ಟಿಂಗ್ಸ್‌ಗೆ ಹೋಗಿ ಆಟೋ ಪಾಜ್ ಎಂಬಲ್ಲಿ ಶತ್ರು ಕಂಡಾಗ, ಸುತ್ತು ಮುಗಿದಾಗ, ಮಂತ್ರ ಬಿಟ್ಟಾದಾಗ ತಾನಾಗಿಯೇ ನಿಲ್ಲುವಂತೆ ಗುರುತು ಹಾಕಿ. ಹೀಗೆ ಮಾಡಿದರೆ ಆಟ ನಿಮಗೆ ಪರಿಚಯವಿರುವ ಸರದಿ ಕದನಕ್ಕೆ ಸಾಕಷ್ಟು ಹತ್ತಿರ ಬರುತ್ತದೆ. ಮಾಂತ್ರಿಕರು ಇದನ್ನು ಓದಿ ನಗುತ್ತಾರೆಂದು ಗೊತ್ತು, ನಗಲಿ. ನೆಲಮಾಳಿಗೆಯಲ್ಲಿ ಎಲ್ಲ ಕೋಣೆಗಳನ್ನೂ ಜಾಲಾಡಲು ಹೋಗದೆ ಬೇಗ ಹೊರಬಂದುಬಿಡಿ, ಆಟ ನಿಜಕ್ಕೂ ಆರಂಭವಾಗುವುದು ಊರಿಗೆ ಬಂದ ಮೇಲೆ. ಅಲ್ಲಿ ಕಾಪರ್ ಕರೋನೆಟ್ ಎಂಬ ಹೋಟೆಲಿನಲ್ಲಿ ನಾಲಿಯಾ ಎಂಬ ಹುಡುಗಿ ಸಿಗುತ್ತಾಳೆ, ತನ್ನ ಮನೆತನದ ಕೋಟೆಯನ್ನು ಬಿಡಿಸಿಕೊಡಿ ಎನ್ನುತ್ತಾಳೆ. ಅಲ್ಲಿರುವ ದೈತ್ಯ ಟ್ರೋಲ್‌ಗಳು ಕತ್ತಿಯೇಟಿಗೆ ಬೀಳುತ್ತವೆ, ಸ್ವಲ್ಪ ಹೊತ್ತಿಗೆ ಎದ್ದು ಕೂರುತ್ತವೆ. ಬಿದ್ದ ಕೂಡಲೇ ಬೆಂಕಿಯ ಬಾಣವನ್ನೋ ಆಮ್ಲವನ್ನೋ ತಾಗಿಸಿದರೆ ಮಾತ್ರ ಸಾಯುತ್ತವೆ. ಆದ್ದರಿಂದ ಹೊರಡುವ ಮೊದಲು ಬೆಂಕಿಯ ಬಾಣಗಳನ್ನು ಧಾರಾಳವಾಗಿ ಕೊಂಡಿಟ್ಟುಕೊಳ್ಳಿ.

ಪಾತ್ರ ಯಾವುದಿರಲಿ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಗಾಯಕ ಯೋಧನನ್ನು, ಅಂದರೆ ಬಾರ್ಡ್ ಅನ್ನು, ಆರಿಸಿ. ಯೋಧನಿಗೆ ಕೋಟೆ ಸಿಗುವಂತೆ, ಕಳ್ಳನಿಗೆ ಗುಂಪು ಸಿಗುವಂತೆ, ಆ ಪಾತ್ರಕ್ಕೆ ಆತ್ಕಟ್ಲಾದಲ್ಲಿ ಒಂದು ನಾಟಕಶಾಲೆ ಸಿಗುತ್ತದೆ. ನಟರ ಜಗಳ ಬಿಡಿಸಿ, ಹಣ ಹೊಂದಿಸಿ, ನಾಟಕವನ್ನು ರಂಗಕ್ಕೆ ತರುವ ಹೊಣೆಯೆಲ್ಲ ನಿಮ್ಮದೇ. ಹೆಗ್ಗೋಡಿನ ಮಗ್ಗುಲಲ್ಲಿರುವ ನಿಮಗೆ ಆ ತಾಪತ್ರಯಗಳನ್ನು ನಾನು ವಿವರಿಸಬೇಕಿಲ್ಲ.